ಎಳ್ಳ ಅಮಾವಾಸ್ಯೆವರೆಗಿನ ನಡಿಗೆ

ನಾನು ಊರೊಳಗೆ ಕಾಲಿಟ್ಟರೆ ಸಾಕು, ಮಕ್ಕಳು ದಿಕ್ಕಾಪಾಲಾಗಿ ಓಡುತ್ತಿದ್ದವು. ಸಿಡುಬು ಬಾರದಂತೆ ತೋಳಿಗೆ ದೇವಿ ಹಾಕುವುದು ನನ್ನ ಕೆಲಸ. ತಲೆಗೆ ರುಮಾಲು, ಕೈಯಲ್ಲಿ ತಗಡಿನ ಪೆಟ್ಟಿಗೆ. ಅಗಸಿ ಬಾಗಿಲಲ್ಲಿ ಯಾವನೋ ಒಬ್ಬ ಪೋರ “ದೇವಿ ಹಾಕಾಂವ ಬಂದಾನಲೇ!” ಎಂದು ಕೂಗಿದನೆಂದರೆ ಮುಗಿಯಿತು, ಓಣಿ ಖಾಲಿ. ಕೆಲವು ಬಣವೆಯ ಹಿಂದೆ, ಕೆಲವು ದನದ ಕೊಟ್ಟಿಗೆಯಲ್ಲಿ, ಕೆಲವು ಅಜ್ಜಿಯ ಸೆರಗಿನೊಳಗೆ. ಹೀಗೆ ಓಡುವ ಮಕ್ಕಳ ಬೆನ್ನು ನೋಡುತ್ತಲೇ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳನ್ನು ಸುತ್ತಿ ನನ್ನ ಮೊಣಕಾಲು ಸವೆದವು. ಓಡದೆ ನಿಂತ ಹುಡುಗ ಯಾರಾದರೂ ಕಂಡರೆ, ಭಲೇ ಧೈರ್ಯವಂತ ಎಂದು ಬೆನ್ನು ತಟ್ಟುತ್ತಿದ್ದೆ.

ಆ ಧೈರ್ಯದ ನಿಜ ಸಂಗತಿ ಹೇಳಿದವರು ಕಲಬುರ್ಗಿಯ ದವಾಖಾನೆಯ ಡಾಕ್ಟರ್ ಸಾಹೇಬರು. ನಿಜಾಮರ ರಾಜ್ಯದ ಕೊನೆಯ ವರ್ಷಗಳು ಅವು. ದೂರದಲ್ಲೆಲ್ಲೋ ದೊಡ್ಡ ಯುದ್ಧ ನಡೆದಿತ್ತು, ನಮ್ಮಲ್ಲಿ ಸೀಮೆಎಣ್ಣೆಗೂ ಬರ ಬಂದಿತ್ತು. ಔಷಧದ ಕಪಾಟಿನಲ್ಲಿ ಬಾಟಲಿಗಳಿಗಿಂತ ಧೂಳೇ ಜಾಸ್ತಿ. ಸಾಹೇಬರು ನನ್ನನ್ನು ಕೂರಿಸಿ, ಮೂರು ಊರುಗಳಿಂದ ಬಂದು ಹೋದ ಮೂವರು ಹುಡುಗರ ವಿಷಯ ತೆಗೆದರು. ಮೂವರಿಗೂ ಒಂದೇ ಕಾಯಿಲೆ. ಮೈಯ ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಬಲ ಕಳೆದುಕೊಳ್ಳುತ್ತವೆ. ಹೊರಗಿನಿಂದ ನೋಡಿದರೆ ಮೀನಖಂಡ ದಪ್ಪಗೆ ಗಟ್ಟಿಯಾಗಿರುತ್ತದೆ, ಹೆತ್ತವರು ಮಗ ಪೈಲವಾನನಾಗುತ್ತಾನೆಂದು ಹಿಗ್ಗುತ್ತಾರೆ. ಆದರೆ ಹುಡುಗ ಓಡಲಾರ. ಹೊಟ್ಟೆ ಮುಂದೆ ಮಾಡಿ, ಅತ್ತಿತ್ತ ವಾಲುತ್ತ, ತುದಿಗಾಲಲ್ಲಿ ನಡೆಯುತ್ತಾನೆ. ಬಿದ್ದರೆ ಮೊದಲು ನೆಲಕ್ಕೆ ಕೈ ಊರಿ, ಆಮೇಲೆ ಮೊಣಕಾಲಿಗೆ, ಆಮೇಲೆ ತೊಡೆಗೆ ಕೈ ಕೊಟ್ಟು, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಏಳುತ್ತಾನೆ.

“ಇಲ್ಲಿ ಫರಸಿ ಮ್ಯಾಲ ನನ್ನ ಮುಂದ ನಾಕ್ ಹೆಜ್ಜಿ ನಡದ್ರ ನನಗೇನ್ ತಿಳೀತದಪಾ?” ಎಂದರು ಸಾಹೇಬರು. “ಒಬ್ಬ ಅಂಜಿ ನಿಂತ್‌ಬಿಡ್ತಾನ, ಇನ್ನೊಬ್ಬ ಅವ್ವ ಹೇಳಿಕೊಟ್ಟಂಗ ಸೆಟದು ನಡೀತಾನ. ಮನ್ಯಾಗ, ಓಣ್ಯಾಗ ದಿನಾ ಹ್ಯಾಂಗ ನಡೀತಾನ, ಎಲ್ಲಿ ತನಕ ಹೋಗ್ತಾನ, ಎಲ್ಲಿಗಿ ಹೋಗೋದು ಬಿಟ್ಟಾನ, ಅದು ಬೇಕು ನನಗ. ಹೆಂಗಿದ್ರೂ ನೀ ಆ ಊರುಗೋಳಿಗಿ ಹೋಗಾಂವ.”

‘ಹೆಂಗಿದ್ರೂ ಹೋಗಾಂವ’ ಎಂಬ ಮಾತಿನಿಂದಲೇ ಲೋಕದ ಅರ್ಧ ಕೆಲಸ ದಣಿದವರ ಹೆಗಲಿಗೆ ಬೀಳುತ್ತದೆ. ಆದರೂ ಕೇಳಿದೆ, ನೋಡಿಕೊಂಡು ಬಂದರೆ ದವಾ ಕೊಡುತ್ತೀರಾ ಎಂದು.

“ಇದಕ್ಕ ದವಾ ಇಲ್ಲ,” ಎಂದು ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಆದ್ರ ಏನಾಗ್ತದಂತ ಗೊತ್ತಾದ್ರ, ಏನ್ ಮಾಡಬಾರದು ಅನ್ನೋದಾದ್ರೂ ಗೊತ್ತಾಗ್ತದ.”

ಕೆಲಸ ಕೇಳಲು ಸಲೀಸು. ಮಾಡಹೋದರೆ ಮೊದಲನೇ ದಿನವೇ ಮುಗ್ಗರಿಸಿದೆ. ದೇವಿ ಹಾಕುವವನ ಎದುರಿಗೆ ಯಾವ ಮಗು ತಾನೇ ದಿನದಂತೆ ನಡೆದೀತು? ನಿಂಬರ್ಗಾದ ಹುಡುಗ ನನ್ನನ್ನು ಕಂಡವನೇ ಗೋಡೆಗೆ ಅಂಟಿಕೊಂಡು ಅಳತೊಡಗಿದ, ನಾನು ಊರು ಬಿಡುವವರೆಗೆ ಅಲ್ಲಾಡಲಿಲ್ಲ. ಮುಂದಿನ ಸಲ ಪೆಟ್ಟಿಗೆಯನ್ನು ಚಾವಡಿಯಲ್ಲಿಟ್ಟು, ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ತೊಗರಿ ಹೊಲದ ಕಡೆಯಿಂದ ಬೀಗರಂತೆ ಬಂದೆ. ಹುಡುಗ ನಡೆದ. ಆದರೆ ನಾನು ತುಟಿಯಲ್ಲೇ ಹೆಜ್ಜೆ ಎಣಿಸುವುದನ್ನು ಅವನ ತಾಯಿ ಕಂಡುಬಿಟ್ಟಳು.

“ಎಣಸಬ್ಯಾಡ್ರಿ ಯಣ್ಣಾ, ಕೈ ಮುಗೀತೇನಿ. ಎಣಿಸಿದ್ದು ಕಡಿಮಿ ಆಗ್ತದ. ಬುಟ್ಟ್ಯಾನ ರೊಟ್ಟಿ ಎಣಿಸ್ತೇವೇನ್ರಿ ನಾವು?”

ನನ್ನ ತಾಯಿಯೂ ರೊಟ್ಟಿ ಎಣಿಸಿದವಳಲ್ಲ. ಅಂದಿನಿಂದ ಎಣಿಕೆ ಬಿಟ್ಟು ಜಾಗಗಳನ್ನು ಹಿಡಿದೆ. ಮನೆಯಿಂದ ಹನುಮಪ್ಪನ ಕಟ್ಟೆ, ಕಟ್ಟೆಯಿಂದ ಬಾವಿ, ಬಾವಿಯಿಂದ ಹೊಲದ ದಾರಿ. ಹುಡುಗ ಮುಂಜಾನೆ ಎಲ್ಲಿಗೆ ಹೋಗುತ್ತಾನೆ, ನಡುವೆ ಎಲ್ಲಿ ಕೂರುತ್ತಾನೆ, ಹೊಸ್ತಿಲು ಒಬ್ಬನೇ ದಾಟುತ್ತಾನೋ ಯಾರಾದರೂ ಕೈ ಕೊಡಬೇಕೋ? ಹೆತ್ತವರನ್ನು ಕೇಳಿದರೆ ಎಲ್ಲವೂ ಚೆನ್ನಾಗಿದೆ ಎನ್ನುತ್ತಿದ್ದರು. ನೀರಿಗೆ ಬಂದ ನೆರೆಯ ಹೆಂಗಸರನ್ನು ಕೇಳಿದರೆ ಇದ್ದದ್ದು ಇದ್ದಂತೆ ಬರುತ್ತಿತ್ತು. ಸುಣ್ಣದ ಗೋಡೆಯ ಮೇಲೆ ಹುಡುಗ ಆಸರೆಗೆ ಕೈ ಇಟ್ಟಲ್ಲಿ ಕರೆ ಬಿದ್ದಿರುತ್ತಿತ್ತು. ಮೊದಲು ಬಾಗಿಲ ಬಳಿ ಮಾತ್ರ ಇದ್ದ ಕರೆ, ಮುಂದಿನ ಸಲ ಹೋಗುವಷ್ಟರಲ್ಲಿ ಪಡಸಾಲೆಯ ಉದ್ದಕ್ಕೂ ಹರಿದಿರುತ್ತಿತ್ತು. ಸೆಗಣಿ ಸಾರಿಸಿದ ಹಸಿ ಅಂಗಳದಲ್ಲಿ ಅವನ ಪಾದ ನೋಡಿದರೆ ಬೆರಳಿನ ಗುರುತು ಆಳವಾಗಿ, ಹಿಮ್ಮಡಿಯದು ಇದ್ದೂ ಇಲ್ಲದಂತೆ. ಇದನ್ನೆಲ್ಲ ಕಲಬುರ್ಗಿಗೆ ಹೋದಾಗ ಸಾಹೇಬರಿಗೆ ಬಾಯಿಮಾತಿನಲ್ಲಿ ಒಪ್ಪಿಸುತ್ತಿದ್ದೆ. ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು. ನಿದ್ದೆ ಹತ್ತಿತೇನೋ ಎಂದು ನಾನು ನಿಲ್ಲಿಸಿದರೆ, “ಹೂಂ, ಬಾವಿ ತನಕ ಬಂತು, ಮುಂದ?” ಎನ್ನುತ್ತಿದ್ದರು. ನನ್ನ ನಡಿಗೆ ಕೇಳುವವರು ಯಾರೂ ಇರಲಿಲ್ಲ. ಕಪ್ಪು ಮಣ್ಣಿನ ದಾರಿ ಮಳೆಗೆ ಚಪ್ಪಲಿ ಕಿತ್ತುಕೊಳ್ಳುತ್ತಿತ್ತು, ಬಿಸಿಲಿಗೆ ಪಾದ ಸೀಳುತ್ತಿತ್ತು.

ಮೂವರಲ್ಲಿ ದೊಡ್ಡವನು ಜೇವರ್ಗಿ ಕಡೆಯ ಹುಡುಗ. ಜಾಣ, ಬಾಯಿಬಡುಕ. ನಾನು ಬಂದರೆ “ನನ್ನ ನಡಗಿ ನೋಡಾಕ ಬಂದ್ರೇನ್ರಿ? ಇವತ್ತ ಅಂಗಡಿ ಬಂದ್ ಅದ” ಎಂದು ಛೇಡಿಸುತ್ತಿದ್ದ. ವಾಲಾಡುತ್ತಲೇ ಹಳ್ಳದ ದಂಡೆಯವರೆಗೆ ಹೋಗಿ ಬರುತ್ತಿದ್ದ. ಆ ಮಳೆಗಾಲದಲ್ಲಿ ಅವನಿಗೆ ಚಳಿಜ್ವರ ಹಿಡಿಯಿತು. ಮನೆಯವರು ಹೊರಸಿನ ಮೇಲೆ ಮಲಗಿಸಿ, ಕಾಲು ಕೆಳಗಿಡಗೊಡದೆ, ಗಂಜಿ ಕುಡಿಸಿ, ತಮ್ಮ ಕೈಲಾದುದಕ್ಕಿಂತ ಹೆಚ್ಚಾಗಿ ನೋಡಿಕೊಂಡರು. ಜ್ವರವೇನೋ ಬಿಟ್ಟಿತು. ನಾನು ಹೋದಾಗ ತಂದೆ ನಗುತ್ತಲೇ, “ಹುಶಾರಾಗ್ಯಾನ್ರಿ, ಜರಾ ನಿಶ್ಶಕ್ತಿ ಅದ. ನಾಳಿ ನಾಡದು ಏಳ್ತಾನ” ಎಂದ.

ಅವನು ಏಳಲಿಲ್ಲ. ದಸರೆಗೆ ಹೋದೆ, ಹೊರಸಿನ ಮೇಲಿದ್ದ. ಅದರ ಮುಂದಿನ ಸಲ ಹೋದೆ, ಹೊರಸಿನ ಮೇಲೇ ಇದ್ದ. ಮೊಣಕಾಲು ಮಡಚಿಕೊಂಡು ಬಿಗಿದಿದ್ದವು. ಛೇಡಿಸುವ ಮಾತೂ ಬರಲಿಲ್ಲ. ತಂದೆ ‘ನಾಳಿ ನಾಡದು’ ಎನ್ನುವುದನ್ನು ಬಿಟ್ಟಿದ್ದ. ನಾನು ಅಲ್ಲಿಂದ ಹೊರಬಿದ್ದು ಹಳ್ಳದ ದಂಡೆಯಲ್ಲಿ ಕುಳಿತು ಅತ್ತುಬಿಟ್ಟೆ.

ಕಲಬುರ್ಗಿಗೆ ಹೋಗಿ ಸಾಹೇಬರಿಗೆ ಹೇಳಿದೆ. ಅವರು, “ಉಳದ ಇಬ್ಬರನ್ನ ಮಲಗಸಗೊಡಬ್ಯಾಡ,” ಎಂದರು. “ಬೀಳಲಿ, ಏಳಲಿ, ಕಾಲು ಆಡಸೋದು ನಿಲ್ಲಬಾರದು. ಕುಂದ್ರು ದಿನ ಬಂದೇ ಬರ್ತದ, ಅದನ್ನ ನಾವಾಗಿ ಕರೀಬಾರದು.”

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅತನೂರಿಗೆ ಹೋದೆ. ಮೂರನೆಯ ಹುಡುಗನ ಮನೆ ಊರ ಅಂಚಿನಲ್ಲಿತ್ತು. ಮನೆಯಲ್ಲಿ ಅವನ ಅಪ್ಪ, ಅವ್ವ, ಅಪ್ಪನ ತಾಯಿ. ಆ ಅಜ್ಜಿಯನ್ನು ಹುಡುಗ ಆಯಿ ಎನ್ನುತ್ತಿದ್ದ. ಆಕೆಯ ಮಾತು ಮೀರಿ ಆ ಮನೆಯಲ್ಲಿ ಬೆಕ್ಕೂ ಹಾಲು ಕುಡಿಯುತ್ತಿರಲಿಲ್ಲ. ನಾನು ಹೋಗುವಾಗ ಹುಡುಗ ಅಪ್ಪನ ಹೆಗಲ ಮೇಲೆ ಕುಳಿತಿದ್ದ. ಅಪ್ಪ ಅವನನ್ನು ಇಳಿಸಿದ್ದು ಹೊರಸಿನ ಮೇಲೆ. ಅಲ್ಲಿಂದ ಅವ್ವ ಎತ್ತಿ ಒಳಗೆ ಒಯ್ದಳು. ಜ್ವರವೇ ಎಂದು ಕೇಳಿದೆ.

“ಜ್ವರಿಲ್ಲ ಏನಿಲ್ಲ,” ಎಂದಳು ಅಜ್ಜಿ. “ಪಾಡ್ಯೇದ ದಿನ ಮತ್ತ ಬಿದ್ದ, ತುಟಿ ಹರೀತು. ಹಾದ್ಯಾಗ ಕಲ್ಲಿಲ್ಲ, ಮುಳ್ಳಿಲ್ಲ, ಸುಮ್‌ಸುಮ್ನ ಬೀಳ್ತಾನಂದ್ರ ಏನ್ ತಮ್ಮಾ? ನೆಲ ಜಗ್ಗಾಕತ್ತದ ಇವನ್ನ. ಭೂಮಿತಾಯಿಗಿ ಏನೋ ಕಡಿಮಿ ಆಗ್ಯಾದ. ಎಳ್ಳ ಅಮಾಸಿಗಿ ಆಕಿಗಿ ಹೊಟ್ಟಿ ತುಂಬ ಚರಗ ಚೆಲ್ತೇನಿ, ಅಲ್ಲಿ ತನಕ ಕೂಸಿನ ಪಾದ ನೆಲಕ್ಕ ಹಚ್ಚಂಗಿಲ್ಲಂತ ಬೇಡಕೊಂಡೇನಿ.”

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಎಲ್ಲರೂ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬೆಳೆದು ನಿಂತ ಜೋಳದ ನಡುವೆ ಅಡುಗೆಯ ಎಡೆಯನ್ನು ಭೂಮಿಗೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತೇವೆ. ಆ ಅಮಾವಾಸ್ಯೆ ಬರಲು ಇನ್ನೂ ಒಂದೂವರೆ ತಿಂಗಳಿತ್ತು. ಜೇವರ್ಗಿ ಹುಡುಗನನ್ನು ಹೊರಸಿಗೆ ಕಟ್ಟಿಹಾಕಲು ಅಷ್ಟು ದಿನವೂ ಬೇಕಾಗಿರಲಿಲ್ಲ.

ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದೆ. ಜೇವರ್ಗಿಯ ಹುಡುಗನ ಕಥೆ ಹೇಳಿದೆ, ಸಾಹೇಬರ ಮಾತು ಹೇಳಿದೆ. ಅಜ್ಜಿ ಎಲೆಯಡಿಕೆ ಬಾಯಿಗಿಟ್ಟುಕೊಂಡು ಪೂರ್ತಿ ಕೇಳಿದಳು.

“ನಿಮ್ಮ ಡಾಕ್ಟರ್ ಇವನ ಕಾಲಿಗಿ ದವಾ ಕೊಡ್ತಾನೇನು?”

“ಇಲ್ಲಬೇ. ಇದಕ್ಕ ದವಾ ಇಲ್ಲ.”

“ದವಾನೂ ಕೊಡಂಗಿಲ್ಲ, ಹರಕೀನೂ ಮಾಡಗೊಡಂಗಿಲ್ಲ. ಮತ್ತ ನಾ ಏನ್ ಮಾಡ್ಲಿ, ಕೈ ಕಟಗೊಂಡು ಕೂಡ್ಲೇನು?”

ಆಕೆಯ ಸ್ಥಾನದಲ್ಲಿ ನಾನಿದ್ದರೆ ಅದನ್ನೇ ಕೇಳುತ್ತಿದ್ದೆ. ಎದ್ದು ಹೊರಟಾಗ ಹುಡುಗ ಒಳಗಿನ ಹೊರಸಿನಿಂದ ಮೆಲ್ಲಗೆ ಕರೆದ. “ಮಾಮಾ, ಎಳ್ಳ ಅಮಾಸಿಗಿ ನಮ್ಮ ಹೊಲದಾಗ ಚರಗಕ್ಕ ನೀರು ಹೊಡಿಯಾಂವ ನಾನೇ ಅದೀನ್ರಿ. ಅಪ್ಪ ಹೇಳ್ಯಾನ. ಅವತ್ತ ಆಯಿ ನನ್ನ ಕೆಳಗ ಬಿಡ್ತಾಳ.” ಚರಗ ಚೆಲ್ಲುವವನು ಮುಂದೆ ಹೋದರೆ, ಹಿಂದೊಬ್ಬ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರಬೇಕು. ಆ ಕೆಲಸ ಈ ವರ್ಷ ತನ್ನದೆಂದು ಅವನ ಮುಖ ಅರಳಿತ್ತು. ಅವತ್ತು ಕೆಳಗೆ ಬಿಟ್ಟರೆ ನೀನು ನಿಲ್ಲುವುದಿಲ್ಲ ಮಗನೇ ಎಂದು ಯಾವ ಬಾಯಿಂದ ಹೇಳಲಿ?

ಒಂದು ದಾರಿಯಿತ್ತು. ಊರ ಗೌಡರಿಗೆ ಹೇಳಿ ಸರಕಾರಿ ಹುಕುಂ ಎಂದು ಗದರಿಸಬಹುದಿತ್ತು. ದೇವಿ ಹಾಕಿಸಲು ಬಾರದವರನ್ನು ಹಾಗೆ ಗದರಿಸಿದ್ದು ಉಂಟು. ಆದರೆ ಹುಕುಮಿಗೆ ಅಂಜಿ ನೆಲಕ್ಕಿಳಿಸಿದ ಹುಡುಗ ನಾಳೆ ಮತ್ತೆ ಬಿದ್ದನೆಂದರೆ, ಭೂಮಿತಾಯಿಯ ಸಿಟ್ಟೆಲ್ಲ ನನ್ನ ತಲೆಗೆ ಬಂದು, ಆ ಮನೆಯ ಬಾಗಿಲೇ ನನಗೆ ಮುಚ್ಚುತ್ತಿತ್ತು. ಮರುದಿನ ಕರಜಗಿಯಲ್ಲಿ ದೇವಿ ಹಾಕುವ ಕೆಲಸವಿತ್ತು. ಏನೂ ಹೊಳೆಯದೆ, ತಲೆ ಕೆಳಗೆ ಹಾಕಿ ಆ ದಾರಿ ಹಿಡಿದೆ.

ಕರಜಗಿಯಲ್ಲಿ ಯಾವುದೋ ಮನೆಗೆ ಒಬ್ಬ ಸ್ವಾಮಿಗಳು ಪಾದಪೂಜೆಗೆ ಬರುತ್ತಿದ್ದರು. ಬಾಜಾ ಬಜಂತ್ರಿ, ಓಣಿಯ ತುಂಬ ಜನ. ಆ ಗದ್ದಲದಲ್ಲಿ ಒಂದು ಮಗುವೂ ಕೈಗೆ ಸಿಗದೆ ನಾನು ಒಂದು ಕಟ್ಟೆಯ ಮೇಲೆ ಬೇಜಾರಿನಿಂದ ಕುಳಿತು ನೋಡುತ್ತಿದ್ದೆ. ಅಗಸರವನು ಒಂದು ಸೀರೆ ಹಾಸುತ್ತಾನೆ, ಸ್ವಾಮಿಗಳು ಅದರ ಮೇಲೆ ನಡೆಯುತ್ತಾರೆ, ಅವರು ದಾಟಿದ ಸೀರೆಯನ್ನು ಅವನು ಸರಕ್ಕನೆ ಎತ್ತಿ ಮುಂದೆ ಓಡಿ ಮತ್ತೆ ಹಾಸುತ್ತಾನೆ. ನಡೆಮುಡಿ. ಹುಟ್ಟಿದಾಗಿನಿಂದ ನೋಡಿದ್ದೇನೆ. ಅಗಸಿಯಿಂದ ಆ ಮನೆಯ ಹೊಸ್ತಿಲವರೆಗೆ ಸ್ವಾಮಿಗಳು ನಡೆದೇ ಬಂದರು, ಅವರ ಪಾದ ಮಾತ್ರ ನೆಲಕ್ಕೆ ತಾಗಲಿಲ್ಲ.

ನಾನು ಪೆಟ್ಟಿಗೆ ಎತ್ತಿಕೊಂಡೆ. ಮುಂದಿನ ಊರಿನವರು ನನ್ನ ದಾರಿ ಕಾಯುತ್ತಿದ್ದರು, ಮೊಣಕಾಲು ಬೇಡವೆನ್ನುತ್ತಿತ್ತು. ಆದರೂ ಬಂದ ದಾರಿಯಲ್ಲೇ ಅತನೂರಿಗೆ ತಿರುಗಿದೆ.

ಅಜ್ಜಿ ನನ್ನನ್ನು ಕಂಡು ಹುಬ್ಬು ಗಂಟಿಕ್ಕಿದಳು. ನಾನು ಬಾಗಿಲಲ್ಲೇ ನಿಂತು ಕೇಳಿದೆ. “ಆಯಿ, ನಿನ್ನ ಹರಕಿ ಮುರಿ ಅನ್ನಂಗಿಲ್ಲ ನಾ. ಒಂದು ಕೇಳ್ತೇನಿ. ನಡೆಮುಡಿ ಮ್ಯಾಲ ಬಂದ ಸ್ವಾಮಿಗೋಳ ಪಾದ ನೆಲಕ್ಕ ಹತ್ತಿತೋ ಇಲ್ಲೋ?”

“ಹತ್ತಂಗಿಲ್ಲ. ಅದಕೇ ಹಾಸೋದು.” ಆಮೇಲೆ ನನ್ನ ಮಾತು ಎತ್ತ ಹೊರಟಿದೆ ಎಂದು ಆಕೆಗೆ ತಿಳಿಯಿತು. “ಇಂವೇನ್ ಸ್ವಾಮಿ ಏನು? ಮದಿಮಗ ಏನು? ಅಗಸರ ಮಂದಿ ನಗ್ತಾರ. ಯಾರ್ ಹಾಸ್ತಾರ ಇವಗ ದಿನಾ?”

“ನಾ ಹಾಸ್ತೇನಿ.”

ಹೇಳಿದವಳು ಹುಡುಗನ ಅವ್ವ. ಅತ್ತೆಯ ಎದುರಿಗೆ ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲವೆಂದು ಮುಖ ನೋಡಿದರೇ ಗೊತ್ತಾಗುತ್ತಿತ್ತು. ಒಳಗೆ ಹೋದವಳು ಎರಡು ಇಳಕಲ್ ಸೀರೆ ತಂದಳು. ಒಂದು ಆಕೆಯ ಲಗ್ನದ್ದು, ಮಡಿಕೆ ಕೂಡ ಮಾಸಿರಲಿಲ್ಲ. ಅದನ್ನು ಹೊರಸಿನ ಕಾಲಿನಿಂದ ಬಾಗಿಲವರೆಗೆ ಹಾಸಿದಳು. ಅಜ್ಜಿ ಸೀರೆ ನೋಡಿದಳು, ಸೊಸೆಯನ್ನು ನೋಡಿದಳು. ಹರಕೆ ಆಕೆಯದು, ತೀರ್ಪೂ ಆಕೆಯದೇ.

“ದಿನಾ ಒಗದು ಮಡೀಲಿ ಹಾಸಬೇಕು,” ಎಂದಳು ಕೊನೆಗೆ. “ಮತ್ತ ಅಂಚಿಗಿ ಹೋಗಬಾರದು ಇವನ ಕಾಲು. ನಡಬರಕ ನಡೀಬೇಕು.”

ಇಳಿಸಿದರು. ಅಪ್ಪ ಕೈ ಬಿಟ್ಟೊಡನೆ ಹುಡುಗನ ಕಾಲು ಗಡಗಡ ನಡುಗಿ, ಸೀರೆಯ ಮೇಲೆ ಕುಸಿದ. ಇಷ್ಟೇ ದಿನ ಹೆಗಲ ಮೇಲಿದ್ದುದಕ್ಕೆ ಈ ಗತಿ. ತಡವಾಯಿತೇನೋ ಎಂದುಕೊಂಡೆ. ಅವ್ವ ಎತ್ತಲು ಬಾಗಿದಳು. ಬೇಡವೆಂದು ನಾನು ಕೈ ಅಡ್ಡ ಹಿಡಿದೆ. ಹುಡುಗ ಸೀರೆಗೆ ಕೈ ಊರಿದ. ಮೊಣಕಾಲಿಗೆ ಬಂದ, ಜಾರಿದ, ಮತ್ತೆ ಬಂದ. ಕೊನೆಗೆ ತೊಡೆಯನ್ನು ಒತ್ತಿ ಹಿಡಿದು ನೆಟ್ಟಗಾದ. ನಂತರ ಹೊಟ್ಟೆ ಮುಂದೆ ಮಾಡಿ, ಥೇಟ್ ದೊಡ್ಡ ಸ್ವಾಮಿಗಳ ಹಾಗೆಯೇ, ಬಾಗಿಲವರೆಗೆ ಹೋದ. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಎರಡನೇ ಸೀರೆಯನ್ನು ಹೊಸ್ತಿಲಾಚೆ ಹಾಸಲು ಅವ್ವ ಓಡಿದಳು.

ಆ ಚಳಿಗಾಲವೆಲ್ಲ ಆಕೆಯ ಸೊಂಟ ಬಿದ್ದುಹೋಗಿರಬೇಕು. ಹುಡುಗ ನಡೆದಷ್ಟು ದೂರ ಬಾಗಿ ಹಾಸು, ಎತ್ತು, ಮತ್ತೆ ಹಾಸು. ಆಮೇಲೆ ಹೊಲದ ಕೂಲಿ, ಅಡುಗೆ, ಒಗೆಯುವುದು. ಓಣಿಯವರು ಮೊದಲು ನಕ್ಕರು, ನಕ್ಕು ನಕ್ಕು ಸಾಕಾಗಿ ತಮ್ಮ ಹಳೆ ಸೀರೆ ತಂದುಕೊಟ್ಟರು. ನನ್ನ ಕೆಲಸ ಮಾತ್ರ ಹಗುರಾಯಿತು. ಯಾರನ್ನೂ ಕೇಳಬೇಕಾಗಿರಲಿಲ್ಲ. ಅವರ ಹಿತ್ತಲ ಬೇಲಿಯ ಮೇಲೆ ಸೀರೆ ಒಣಗುತ್ತಿದ್ದರೆ ಹುಡುಗ ನಡೆದಿದ್ದಾನೆ. ಎರಡೇ ಇದ್ದರೆ ಮನೆಯೊಳಗೆ, ಬೇಲಿ ತುಂಬ ಇದ್ದರೆ ಬಾವಿಯವರೆಗೆ. ಅಫಜಲಪುರದ ದಾರಿಯ ತಿರುವಿನಲ್ಲೇ ಅದು ಕಾಣುತ್ತಿತ್ತು. ತಿರುವು ಬಂದರೆ ನನ್ನ ಹೆಜ್ಜೆ ತಾನಾಗಿ ಬಿರುಸಾಗುತ್ತಿತ್ತು, ಬೇಲಿ ಕಂಡ ಮೇಲೆಯೇ ನಾನು ಸಮಾಧಾನದಿಂದ ಬೀಡಿ ಹಚ್ಚುತ್ತಿದ್ದುದು. ಸಾಹೇಬರಿಗೆ ಇದನ್ನು ಹೇಳಿದಾಗ ಅವರು ಕಣ್ಣು ಬಿಟ್ಟು, ಬಹಳ ದಿನಗಳ ಮೇಲೆ ನಕ್ಕರು.

ಮುಂದೇನಾಯಿತೆಂದು ಈಗಲೇ ಹೇಳಿಬಿಡುತ್ತೇನೆ, ಆಸೆ ಹುಟ್ಟಿಸಿ ಮೋಸ ಮಾಡಬಾರದು. ಆ ಕಾಯಿಲೆ ಯಾರ ಹರಕೆಗೂ ಯಾರ ಯುಕ್ತಿಗೂ ಬಗ್ಗುವಂಥದಲ್ಲ. ಅತನೂರಿನ ಹುಡುಗ ಇನ್ನೆರಡು ಮಳೆಗಾಲ ನಡೆದ, ಆಮೇಲೆ ಕುಳಿತ. ನಿಂಬರ್ಗಾದವನೂ ಕುಳಿತ. ನಾನು ಆ ಊರುಗಳಿಗೆ ಆಮೇಲೂ ಹೋಗುತ್ತಿದ್ದೆ, ನೋಡಲು ನಡಿಗೆ ಇಲ್ಲದಿದ್ದರೂ. ಅದನ್ನು ಬರೆಯುವ ಮನಸ್ಸಿಲ್ಲ. ಎಳ್ಳ ಅಮಾವಾಸ್ಯೆಯ ದಿನ ಹೇಳಿ ಮುಗಿಸುತ್ತೇನೆ.

ಅಂದು ನನ್ನನ್ನೂ ಹೊಲಕ್ಕೆ ಕರೆದಿದ್ದರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂಡಿಯಲ್ಲಿ ಹೋದೆವು. ಜೋಳ ಎದೆಯುದ್ದ ನಿಂತಿತ್ತು. ಪೂಜೆಯಾದ ಮೇಲೆ ಅಜ್ಜಿ ಬಂಡಿಯ ಬಳಿ ಬಂದು ಮೊಮ್ಮಗನ ಎರಡೂ ಪಾದಗಳನ್ನು ಕೈಯಲ್ಲಿ ಹಿಡಿದು ಕಪ್ಪು ಮಣ್ಣಿನ ಮೇಲೆ ಇಟ್ಟಳು. ಬಾಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, “ನಿನ್ನ ಪಾಲು ನಿನಗ ಕೊಟ್ಟೇವಿ ತಾಯಿ. ಇನ್ನ ಇವನ್ನ ಜಗ್ಗಬ್ಯಾಡ” ಎಂದಳು.

ಅಪ್ಪ ಚರಗದ ಬುಟ್ಟಿ ಹಿಡಿದು ಬದುವಿನ ಮೇಲೆ ಹೊರಟ. ಹಿಂದೆ ಹುಡುಗ, ತಂಬಿಗೆಯಿಂದ ನೀರು ಚಿಮುಕಿಸುತ್ತ, ವಾಲಾಡುತ್ತ. ನಾವು ಮೂವರು ಅವನ ಹಿಂದೆ. ಹೊಲದ ಮೂಲೆ ತಿರುಗುವಲ್ಲಿ ಒಂದು ಮಣ್ಣಿನ ಹೆಂಟೆಗೆ ಕಾಲು ತಾಗಿ ಅವನು ಬಿದ್ದ. ತಂಬಿಗೆ ಉರುಳಿತು.

ಅವ್ವ ಚೀರಿ ಮುಂದೆ ನುಗ್ಗಿದಳು. ನಾನೂ ಒಂದು ಹೆಜ್ಜೆ ಇಟ್ಟೆ. ಅಜ್ಜಿ ಸೊಸೆಯ ರಟ್ಟೆ ಹಿಡಿದು ನಿಲ್ಲಿಸಿದಳು.

“ಬಿಡವ್ವಾ. ಏಳ್ತಾನ.”

ಅವನು ಮಣ್ಣಿಗೆ ಕೈ ಊರಿದ. ಮೊಣಕಾಲು. ತೊಡೆ. ಎದ್ದು ನಿಂತು, ಏದುಸಿರು ಬಿಡುತ್ತ, ಖಾಲಿ ತಂಬಿಗೆಯನ್ನು ನೋಡಿ ಅಳು ಮುಖ ಮಾಡಿದ.

“ನೀರೆಲ್ಲ ಚೆಲ್ಲಿದ್ವು ಆಯಿ.”

“ಚೆಲ್ಲಾಕೇ ಒಯ್ದಿದ್ದಿ, ಭೂಮಿತಾಯಿ ಕುಡದಾಳ,” ಎಂದಳು ಅಜ್ಜಿ. ತನ್ನ ಕೊಡದಿಂದ ತಂಬಿಗೆ ತುಂಬಿಸಿ ಅವನ ಕೈಗಿಟ್ಟಳು. “ನಡಿ ಮುಂದ. ನಿಮ್ಮಪ್ಪ ದೂರ ಹೋದ.”